ಅಜ್ಜ ತುಂಬಿದ ಕಾಡತೂಸು

ನಿನ್ನೆ ನವನಗರದಲ್ಲಿ ಮದುವೆ ಮೆರವಣಿಗೆಯ ಪಟಾಕಿ ವಾಸನೆ ಮೂಗಿಗೆ ಬಡಿದದ್ದೇ ತಡ, ನೆನಪಿನಲ್ಲಿ ನಾನು ಶಿರೂರಿನ ಅಜ್ಜನ ಮನೆಯ ಪಡಸಾಲೆಯಲ್ಲಿದ್ದೆ.

ಗೋವಿನಜೋಳಕ್ಕೆ ಬೀಳುವ ಹಂದಿಗಳನ್ನು ಬೆದರಿಸಲು ಅಜ್ಜನ ಬಳಿ ಲೈಸೆನ್ಸಿನ ಬಂದೂಕಿತ್ತು. ಹೊಸ ಕಾಡತೂಸು ತುಟ್ಟಿ ಎಂದು, ಹಾರಿಸಿದ ಖಾಲಿ ಕಾಡತೂಸುಗಳಿಗೇ ಅವನು ಆ ಪಡಸಾಲೆಯಲ್ಲಿ ಕೂತು ಮತ್ತೆ ಮದ್ದು ತುಂಬುತ್ತಿದ್ದ. ಮದ್ದಿನ ಮೇಲೆ ಬಿಗಿಯಲು, ಅಜ್ಜಿ ಕೌದಿ ಹೊಲಿಯಲು ಕೂಡಿಟ್ಟ ಹಳೆ ಸೀರೆಯ ತುಂಡುಗಳು.

"ಪುಕ್ಕಟ ಆತು ನೋಡು," ಎನ್ನುತ್ತಿದ್ದ ಅಜ್ಜ.

"ಪುಕ್ಕಟ ಹೆಂಗ್ರಿ? ನನ್ನ ಕೌದಿ ಅರ್ಧಕ್ಕ ನಿಂತೈತಿ," ಎನ್ನುತ್ತಿದ್ದಳು ಅಜ್ಜಿ.

ತೆನೆ ಬಲಿತಿದ್ದ ಒಂದು ಸಂಜೆ, ನಾವು ಮೂವರೂ ಹೊಲದಲ್ಲಿದ್ದಾಗಲೇ ಹಂದಿಗಳ ಹಿಂಡು ನುಗ್ಗಿತು. ಅಜ್ಜ ಬಂದೂಕು ಹಾರಿಸಿದ. ಕಾಡತೂಸು ಠುಸ್ಸೆಂದು, ಅಂಚು ಸುಟ್ಟ ಕೆಂಪು ಬಟ್ಟೆಯೊಂದು ಅವನ ಕಾಲ ಬಳಿ ಬಿತ್ತು. ಹಂದಿಗಳು ತಲೆ ಕೂಡ ಎತ್ತಲಿಲ್ಲ. ಅಜ್ಜಿ ಬಟ್ಟೆಯ ಗುರುತು ಹಿಡಿದಳು.

"ಇದು ನನ್ನ ಲಗ್ನದ ಇಳಕಲ್ ಸೀರಿ ಸೆರಗಲ್ರೀ!"

ಆ ಕೂಗಿಗೆ ಇಡೀ ಹಿಂಡು ಹಳ್ಳ ದಾಟಿತು.

"ನಾಳಿಂದ ನಿನ್ನನ್ನ ಕರಕೊಂಡ ಬರ್ತೇನಿ," ಎಂದ ಅಜ್ಜ ಮೆಲ್ಲಗೆ. "ಮದ್ದು ತುಂಬೋ ಖರ್ಚಿಲ್ಲ."

ಬೆಳೆ ಉಳಿಯಿತು, ಕೌದಿಯೂ ಮುಗಿಯಿತು. ಕಾಡತೂಸು ತುಂಬಿದ್ದರಲ್ಲಿ ಲಾಭವೇನೆಂದು ಕೇಳಿದರೆ, ನಾನಿಂದು ಹೊದೆಯುವ ಕೌದಿಯ ನಡುವೆ ಅಂಚು ಸುಟ್ಟ ಆ ಕೆಂಪು ತುಂಡು ತೋರಿಸುತ್ತೇನೆ.