ಪಾಸ್‌ವರ್ಡ್ ಅಕ್ಕ

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ರೋಗಿಗಳ ಚಿತ್ರಗಳನ್ನು ಕಂಪ್ಯೂಟರಿಗೆ ಸೇರಿಸುವ ಗುಮಾಸ್ತೆ ಅವಳು. ವಯಸ್ಸು ನಲವತ್ತಾರು. ಪಕ್ಕದೂರಿನ ಆಸ್ಪತ್ರೆಯ ಕಂಪ್ಯೂಟರ್ ಕಡತಗಳಿಗೆಲ್ಲ ಯಾರೋ ಕಳ್ಳರು ದೂರದಿಂದಲೇ ಬೀಗ ಜಡಿದು ಹಣ ಕೇಳಿದರೆಂಬ ಸುದ್ದಿ ಕಿವಿಗೆ ಬಿದ್ದಾಗಿನಿಂದ ಅವಳಿಗೆ ಒಂದೇ ಧ್ಯಾನ: ನಮ್ಮಲ್ಲೂ ಹಾಗಾದರೆ? ಹಟ ಹಿಡಿದು ಆನ್‌ಲೈನ್ ಕೋರ್ಸಿಗೆ ಸೇರಿದಳು. ಕಳ್ಳ ನುಗ್ಗುವ ದಾರಿಯನ್ನು ಕಳ್ಳನಿಗಿಂತ ಮೊದಲು ಹುಡುಕಿ ಮುಚ್ಚುವ ವಿದ್ಯೆ. ಹ್ಯಾಕಿಂಗೇ, ಆದರೆ ಕಂಪ್ಯೂಟರಿನ ಮಾಲೀಕರ ಒಪ್ಪಿಗೆ ಪಡೆದು ಮಾಡುವಂಥದ್ದು.

ಮಲಗುವ ಕೋಣೆಯಲ್ಲಿ ಎರಡು ಹಳೇ ಕಂಪ್ಯೂಟರ್ ಜೋಡಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ನುಗ್ಗುವುದು, ಆಮೇಲೆ ಆ ಕಿಂಡಿ ಮುಚ್ಚುವುದು. ಭಾನುವಾರವೆಲ್ಲ ಇದೇ.

"ನಿನ್ನ ಮನೇಗೆ ನೀನೇ ಕನ್ನ ಹಾಕ್ಕೊಂಡು ಕೂತ್ರೆ ಅಡುಗೆ ಯಾರಮ್ಮ ಮಾಡೋದು?" ಅತ್ತೆ ಕೇಳಿದರು.

"ನಿಮ್ಮ ಮಗ ಇದಾರಲ್ಲ ಅತ್ತೆ."

ಗಂಡ ಆಗಲೇ ಈರುಳ್ಳಿ ಹೆಚ್ಚುತ್ತಿದ್ದ.

ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ "ಪಾಸ್‌ವರ್ಡ್ ಬದಲಾಯಿಸಿ" ಎಂದು ದುಂಬಾಲು ಬಿದ್ದು, ಪಾಸ್‌ವರ್ಡ್ ಅಕ್ಕ ಅಂತಲೇ ಹೆಸರಾದಳು. ಎಲ್ಲರೂ ನಗುತ್ತಿದ್ದರು, ಯಾರೂ ಬದಲಾಯಿಸುತ್ತಿರಲಿಲ್ಲ. ಎಕ್ಸ್‌ರೇ ಕಂಪ್ಯೂಟರನ್ನು ದೂರದಿಂದಲೇ ರಿಪೇರಿ ಮಾಡಲೆಂದು ಯಾವತ್ತೋ ತೆರೆದಿಟ್ಟ ದಾರಿ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಚಿತ್ರಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಇದನ್ನೆಲ್ಲ ಬರೆದು, ಪರೀಕ್ಷಿಸಲು ಅನುಮತಿ ಕೇಳಿ ಮೂರು ಅರ್ಜಿ ಕೊಟ್ಟಳು. ಮೂರನೆಯದಕ್ಕೆ ಮೇಲಧಿಕಾರಿ ಕರೆಸಿದ.

"ಇದೆಲ್ಲ ನಿಮಗ್ಯಾಕಮ್ಮಾ?"

"ನಾನು ಮುಟ್ಟೋದು ಬೇಡ ಅಂದ್ರೆ ಮುಟ್ಟಲ್ಲ ಸರ್. ಗೊತ್ತಿರೋರಿಂದ ಆ ದಾರಿ ಮುಚ್ಚಿಸಿ, ಇನ್ನೊಂದು ಪ್ರತಿ ತೆಗೆಸಿಡಿ. ಅಷ್ಟು ಸಾಕು."

"ನೋಡೋಣ ಬಿಡಿ."

ಆ ದಾರಿ ಮುಚ್ಚುವುದು ಅರ್ಧ ಗಂಟೆಯ ಕೆಲಸ. ಕೈ ತುರಿಸುತ್ತಿತ್ತು. ಆದರೆ ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂಬುದೇ ಅವಳು ಕಲಿತ ಮೊದಲ ಪಾಠ. ಮುಟ್ಟಲಿಲ್ಲ.

ನಾಲ್ಕು ತಿಂಗಳ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಹನ್ನೊಂದು ವರ್ಷದ ಚಿತ್ರಗಳಲ್ಲಿ ಒಂದೂ ತೆರೆಯಲಿಲ್ಲ. ಕಳ್ಳರು ಬಂದದ್ದು ಅದೇ ದಾರಿಯಲ್ಲಿ.

ವಿಚಾರಣೆಯ ದಿನ ಮೇಜಿನ ಮೇಲಿದ್ದದ್ದು ಅವಳದೇ ಮೂರು ಅರ್ಜಿ.

"ದಾರಿ ಗೊತ್ತಿದ್ದದ್ದು ನಿಮಗೊಬ್ಬರಿಗೇ ಅಲ್ವಾ?" ವಿಚಾರಣೆಗೆ ಕೂತವರು ಕೇಳಿದರು.

"ಗೊತ್ತಿತ್ತು ಅಂತಾನೇ ಬರೆದು ಕೊಟ್ಟಿದ್ನಲ್ಲ ಸರ್!" ಅವಳು ಅರ್ಜಿಯ ಮೇಲಿನ ತಾರೀಖಿಗೆ ಬೆರಳಿಟ್ಟಳು.

ಅವಳ ವಿರುದ್ಧ ಸಾಕ್ಷಿ ಸಿಗಲಿಲ್ಲ. ಆದರೂ ಅವಳನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಕೋರ್ಸಿನ ಕೊನೆಯ ಪರೀಕ್ಷೆಗೆ ಕಚೇರಿಯಿಂದ ನಡತೆಯ ಪತ್ರ ಬೇಕಿತ್ತು. ಯಾರೂ ಸಹಿ ಹಾಕಲಿಲ್ಲ. ಪರೀಕ್ಷೆಯ ದಿನ ಅವಳು ಹಾಸಿಗೆ ಹೊದಿಕೆ ಮಡಚುತ್ತಿದ್ದಳು.

ಒಂದು ಮಧ್ಯಾಹ್ನ ಶ್ವಾಸಕೋಶದ ಡಾಕ್ಟರು ಕಾರಿಡಾರಿನಲ್ಲಿ ತಡೆದರು. "ಅಕ್ಕ, ಅಲ್ಲಿ ಕೂತಿರೋ ಮೇಷ್ಟ್ರ ಹಳೇ ಎಕ್ಸ್‌ರೇ ಹೇಗಾದ್ರೂ ಸಿಗುತ್ತಾ? ಎದೇಲಿರೋ ಕಲೆ ಹಳೇದಾ ಹೊಸದಾ ಗೊತ್ತಾಗ್ತಿಲ್ಲ."

"ಇಲ್ಲ ಡಾಕ್ಟ್ರೇ. ಬೀಗ ಬೀಳದ ಹಾಗೆ ನೋಡ್ಕೊಳ್ಳೋದನ್ನ ಕಲ್ತಿದ್ದೆ. ಬಿದ್ದಿದ್ದನ್ನ ಬಿಚ್ಚೋಕೆ ನನ್ನಿಂದಾಗಲ್ಲ."

ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು, ಇಬ್ಬರನ್ನೂ ನೋಡುತ್ತ. ಅವಳಿಗೆ ಅವರ ಮುಖ ನೋಡಲಾಗಲಿಲ್ಲ. ಬಟ್ಟೆಯ ಗಾಡಿ ತಳ್ಳಿಕೊಂಡು ಮುಂದೆ ಹೋದಳು.