ಕೂರಲಾರದ ಮೇಷ್ಟರ ಕೀಲಿಮಣೆ

ನನ್ನ ಬೆರಳುಗಳಿಗೆ ಸುಮ್ಮನಿರುವುದು ಗೊತ್ತಿಲ್ಲ. ಬಸ್ಸಿನ ಕಿಟಕಿಯ ಸರಳು, ಬ್ಯಾಂಕಿನ ಕೌಂಟರು, ಮದುವೆಮನೆಯಲ್ಲಿ ಮುಂದೆ ಕೂತವರ ಕುರ್ಚಿಯ ಬೆನ್ನು, ಏನು ಸಿಕ್ಕಿದರೂ ತಮ್ಮ ಪಾಡಿಗೆ ತಾವು ಟಕಟಕ ಶುರುಮಾಡಿಬಿಡುತ್ತವೆ. ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ ಪಾಪಕ್ಕೆ ಇದಕ್ಕಿಂತ ಸೌಮ್ಯವಾದ ಪ್ರಾಯಶ್ಚಿತ್ತ ಇರಲಾರದೆಂದು ನಾನೇನೋ ಸಮಾಧಾನಪಟ್ಟುಕೊಂಡಿದ್ದೇನೆ, ಆದರೆ ನನ್ನ ಹೆಂಡತಿಗೆ ಆ ಸಮಾಧಾನವಿಲ್ಲ. "ಏನ್ರೀ, ಮುದ್ದೆ ಮ್ಯಾಲೆ ಯಾರಿಗೆ ಅರ್ಜಿ ಟೈಪ್ ಮಾಡ್ತಿದೀರಾ? ತಣ್ಣಗಾಗ್ತೈತೆ, ಉಣ್ಣಿ" ಎಂದು ಅವಳು ಗದರಿದಾಗಲೇ ನನಗೆ ನನ್ನ ಕೈ ಎಲ್ಲಿದೆಯೆಂಬ ಅರಿವಾಗುವುದು.

ಕೀಬೋರ್ಡಿಗೆ ಕನ್ನಡದಲ್ಲಿ ಕೀಲಿಮಣೆ ಎಂಬ ಚಂದದ ಹೆಸರಿದೆ. ಮಣೆ ಎಂದಮೇಲೆ ಅದರ ಮುಂದಾದರೂ ಮನುಷ್ಯ ನೆಟ್ಟಗೆ ಕೂರಬೇಕಲ್ಲ? ನಾನು ಹುಟ್ಟಿದಾರಭ್ಯ ಯಾವ ಮಣೆಯಲ್ಲೂ ಹತ್ತು ನಿಮಿಷ ಕೂತವನಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಮನೆಯಲ್ಲಿರಲಾಗದೆ, ಮೊಳಕಾಲ್ಮೂರಿನ ಒಂದು ಹೈಸ್ಕೂಲಿಗೆ ವಾರಕ್ಕೆರಡು ದಿನ ಬಸ್ಸು ಹತ್ತತೊಡಗಿದೆ. ಅಲ್ಲಿ ಕಲಿಕಾ ನ್ಯೂನತೆಯಿರುವ ಆರು ಮಕ್ಕಳಿಗೆ ಕೀಬೋರ್ಡ್ ಕಲಿಸುವ ಕೆಲಸ. ಅಕ್ಷರಗಳು ಇವರ ಕಣ್ಣೆದುರು ಜಾಗ ಬದಲಿಸುತ್ತವೆ, ಒತ್ತುಗಳು ತಪ್ಪಿಸಿಕೊಳ್ಳುತ್ತವೆ, ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಮಕ್ಕಳು ಬೆವೆತುಹೋಗುತ್ತಾರೆ. ಚಂಚಲ ಅಕ್ಷರಗಳಿಗೆ ಚಂಚಲ ಮೇಷ್ಟರು ಸಿಕ್ಕಿದ್ದು ಆ ಮಕ್ಕಳ ಹಣೆಬರಹವೇ ಸರಿ.

ಅವರಲ್ಲಿ ಸುಜಾತ ಒಬ್ಬಳು, ಮನೆಯಲ್ಲೇ ರೇಷ್ಮೆ ಸೀರೆ ನೇಯುವ ಪದ್ಮಕ್ಕನ ಮಗಳು. ಹಿಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಕೈಬರಹ ಸಾಗದೆ ಅರ್ಧ ಹಾಳೆ ಖಾಲಿ ಬಿಟ್ಟು ಬಂದು ಫೇಲಾಗಿದ್ದಳು. ಈ ಸಲ ಕಂಪ್ಯೂಟರಿನಲ್ಲಿ ಉತ್ತರ ಬರೆಯಲು ಅನುಮತಿ ಕೇಳಬಹುದಿತ್ತು. ಅದಕ್ಕೆ ಮುಖ್ಯೋಪಾಧ್ಯಾಯಿನಿಯ ಪತ್ರ ಬೇಕು, ಪತ್ರ ಬೇಕೆಂದರೆ ಹುಡುಗಿ ಅವರೆದುರು ಕೂತು ಟೈಪ್ ಮಾಡಿ ತೋರಿಸಬೇಕು. ಪದ್ಮಕ್ಕ ನನಗೆ ಮೊದಲ ದಿನವೇ ಹೇಳಿಬಿಟ್ಟಿದ್ದಳು: "ಈ ಸಲಾನೂ ಹೋದ್ರೆ ಮಗ್ಗದಾಗೆ ಕೂರಿಸ್ತೀವಿ ಸಾ. ಅವಳಿಗೆ ಪಿಯುಸಿ ಓದೋ ಆಸೆ ಐತೆ. ನಾವೇನ್ ಮಾಡಾನ?"

ಮೂರು ತಿಂಗಳು ನಾನು ನನ್ನ ಸನಾತನ ಪದ್ಧತಿಯನ್ನೇ ಅನುಸರಿಸಿದೆ. ಎಡಕ್ಕೆ ಅಚ್ಚಾದ ಪುಟ, ಕೀಬೋರ್ಡಿನ ಮೇಲೆ ಒಂದು ಟವೆಲ್ಲು, ಪುಟ ನೋಡಿಕೊಂಡು ಟವೆಲ್ಲಿನಡಿ ಟೈಪ್ ಮಾಡಬೇಕು. ಈ ವಿದ್ಯೆಯಿಂದ ಎಷ್ಟೋ ಜನ ಗುಮಾಸ್ತರಾಗಿದ್ದಾರೆ. ಸುಜಾತ ಮಾತ್ರ ಎರಡು ಪದಕ್ಕೆ ಐದು ತಪ್ಪು ಮಾಡುತ್ತಿದ್ದಳು. ನಾನು ಬೆಂಚು ಕುಟ್ಟುತ್ತಿದ್ದೆ, ಎದ್ದು ಅಡ್ಡಾಡುತ್ತಿದ್ದೆ, ಗಡಿಯಾರ ನೋಡುತ್ತಿದ್ದೆ. ಒಂದು ದಿನ ಸಿಡುಕಿಯೂಬಿಟ್ಟೆ. ಅವಳು ಅಳಲಿಲ್ಲ, ಕೈಗಳನ್ನು ಟವೆಲ್ಲಿನಡಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆವತ್ತು ಬಸ್ಸಿನಲ್ಲಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮುಂದಿನ ವಾರ, ತಾಯಿಯೊಂದಿಗೆ ಮಾತಾಡೋಣವೆಂದು ಅವರ ಮನೆಗೇ ಹೋದೆ. ಪದ್ಮಕ್ಕ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು, ಪಕ್ಕದಲ್ಲಿ ಮಗಳು. ಸೀರೆಯ ಮೈಗೆ ಬುಟ್ಟಾ ಕೂರಿಸುವ ಕೆಲಸ ನಡೆದಿತ್ತು. "ರೆಂಡು ಎತ್ತು, ಒಕಟಿ ಬಿಡು" ಎಂದು ತೆಲುಗಿನ ಎರಡು-ಒಂದರ ಲೆಕ್ಕಕ್ಕೆ ಕನ್ನಡದ ಅಪ್ಪಣೆ ಬೆರೆಸಿ ತಾಯಿ ಹೇಳುತ್ತಿದ್ದಂತೆ, ಮಗಳ ಬೆರಳುಗಳು ಕೂದಲೆಳೆಯಂಥ ನೂಲುಗಳನ್ನು ಒಂದೂ ತಪ್ಪದೆ ಎತ್ತಿ ಬಿಡುತ್ತಿದ್ದವು. ಅವಳ ಕಣ್ಣು ಬಾಗಿಲಲ್ಲಿ ನಿಂತ ನನ್ನ ಮೇಲಿತ್ತು! ನಾನು ದೂರು ಹೇಳಲು ಬಾಯಿ ತೆರೆಯುವ ಮೊದಲೇ ಪದ್ಮಕ್ಕ, "ಅವಳ ಕಣ್ಣಿಗೆ ತೋರಿಸಬ್ಯಾಡ್ರಿ ಸಾ, ಕಿವಿಗೆ ಹೇಳ್ರಿ. ನಾನು ಹಂಗೇ ಕಲಿಸಿದ್ದು" ಎಂದಳು.

ಅಯ್ಯೋ ದೇವರೇ, ಓದಲು ಕಷ್ಟಪಡುವ ಹುಡುಗಿಗೆ ಮೂರು ತಿಂಗಳು ಓದಿ ಓದಿ ಟೈಪ್ ಮಾಡು ಎಂದು ಪೀಡಿಸಿದ್ದೆನಲ್ಲ! ಅಂದಿನಿಂದ ಪುಟ ಎತ್ತಿಟ್ಟೆ. ನಾನು ಪದ ಹೇಳುವುದು, ಅವಳು ಅದನ್ನು ತುಟಿಯಲ್ಲೇ ಅಕ್ಷರ ಅಕ್ಷರವಾಗಿ ಒಡೆದುಕೊಂಡು ಒಂದೊಂದೇ ಕೀಲಿ ಒತ್ತುವುದು. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುವುದು ನನ್ನ ಪಾಲಿನ ಶಿಕ್ಷೆ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂರುತ್ತಿದ್ದೆ. ಉಳಿದ ಮಕ್ಕಳು ಅದನ್ನು ನೋಡಿ ಕಿಸಕ್ಕನೆ ನಗುತ್ತಿದ್ದರು, ನಗಲಿ.

ಟೈಪ್ ಮಾಡಿ ತೋರಿಸುವ ದಿನ ಬಂತು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರೇ, ಆದರೆ ಕೈಯಲ್ಲೊಂದು ಅಚ್ಚಿನ ಪುಟ ಹಿಡಿದೇ ಬಂದರು. ಹುಡುಗಿಯ ಪರವಾಗಿ ವಾದಿಸಲು ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ, ಅಷ್ಟರಲ್ಲಿ ಸುಜಾತಳೇ ಬಾಯಿಬಿಟ್ಟಳು. "ಅದು ಬ್ಯಾಡ ಮೇಡಂ. ಪರೀಕ್ಷೇಲಿ ಕೇಳೋ ಹಂಗೆ ಪ್ರಶ್ನೆ ಕೇಳ್ರಿ. ನಂಗೆ ಗೊತ್ತಿರೋದು ಬರೀತೀನಿ."

ಇದು ನನ್ನ ಪಾಠದಲ್ಲಿರಲಿಲ್ಲ. ಪುಟ ನೋಡಿಯೋ ನನ್ನ ಬಾಯಿಂದ ಕೇಳಿಯೋ, ಅವಳು ಅಷ್ಟು ದಿನ ಟೈಪ್ ಮಾಡಿದ್ದೆಲ್ಲ ಬೇರೆಯವರ ಮಾತು. ಅವಳಿಗೆ ಏನು ಗೊತ್ತು ಎಂದು ನಾನೂ ಕೇಳಿರಲಿಲ್ಲ, ಶಾಲೆಯಲ್ಲಿ ಇನ್ನಾರೂ ಕೇಳಿರಲಿಲ್ಲ. ಮೇಡಂ ಪುಟ ಮಡಚಿ, ಅಶೋಕನ ಶಾಸನಗಳ ಬಗ್ಗೆ ಬರೆ ಎಂದರು.

ಸುಜಾತ ತುಟಿಯಾಡಿಸುತ್ತ ಶುರುಮಾಡಿದಳು. ಊರ ಹತ್ತಿರದ ಸಿದ್ದಾಪುರದ ಶಾಸನದ ಬಂಡೆಯಿಂದ ಮೊದಲಾಯಿತು. ಅಲ್ಲಿಗೆ ಅಜ್ಜಿಯ ಜೊತೆ ಕುರಿ ಹಿಂದೆ ಹೋಗಿದ್ದು, ಕಲ್ಲಿನ ಮೇಲಿನ ಅಕ್ಷರ ಮುಟ್ಟಿ ನೋಡಿದ್ದು, ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು ಎಂದು ಅಶೋಕ ಅದರಲ್ಲಿ ಕೆತ್ತಿಸಿದ್ದು, ಎಲ್ಲವೂ ಪರದೆಯ ಮೇಲೆ ಬಂತು. ತಪ್ಪುಗಳಿದ್ದವು, ನಿಧಾನವೂ ಇತ್ತು. ಊಟದ ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಓಡಿದರು. ಎರಡು ಪುಟ ತುಂಬಿದಾಗ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಅವಳ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಸಾಕು ಕಣಮ್ಮ, ಪತ್ರ ಇವತ್ತೇ ಬರೆದುಕೊಡ್ತೀನಿ. ಏಳು, ಊಟ ಮಾಡು."

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ಇನ್ನೂ ಐತೆ ಮೇಡಂ" ಎಂದಳು.