ಅನ್ನ ಉಂಟು, ಎಲೆ ಮುಗಿದಿದೆ

ಮೂಡುಬಿದಿರೆಯ ಪೇಟೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ ನಮ್ಮದೊಂದು ಕೋಣೆ ಉಂಟು. ಹಳಬರ ಬಾಯಲ್ಲಿ ಮಾತ್ರ ಉಳಿದಿರುವ ತುಳು ಪದಗಳನ್ನು ಅವರ ಸ್ವರದಲ್ಲೇ ಹಿಡಿದಿಡುವುದು ಅಲ್ಲಿಯ ಕೆಲಸ. ಶಾಲೆಯಿಂದ ನಿವೃತ್ತಳಾದ ಮೇಲೆ ನಾನಾಗಿಯೇ ಮೈಮೇಲೆ ಎಳೆದುಕೊಂಡ ಉಸಾಬರಿ. ಬೆಳ್ತಂಗಡಿಯಿಂದ, ಬಿ.ಸಿ.ರೋಡಿನಿಂದ ಗೆಳತಿಯರು ಧ್ವನಿಮುದ್ರಿಸಿ ಕಳಿಸುತ್ತಾರೆ. ಎಲ್ಲವೂ ಬಂದು ಸೇರುವುದು ಕಪಾಟಿನ ಮೇಲೆ ಹಸಿರು ದೀಪ ಮಿಟುಕಿಸುತ್ತ ಕೂತ ಕಪ್ಪು ಪೆಟ್ಟಿಗೆಗೆ. ಅದರ ಹೆಸರು ನೆಟ್‌ವರ್ಕ್ ಸ್ಟೋರೇಜ್. ಒಂದು ಪದಕ್ಕೆ ಒಂದು ಫೈಲು; ಅದರ ಜೊತೆ, ಪದ ಕತ್ತರಿಸಿದಾಗಲೆಲ್ಲ ಕಂಪ್ಯೂಟರ್ ತಾನಾಗಿ ಹುಟ್ಟಿಸುವ ಇನ್ನೆರಡು ಪುಟ್ಟ ಫೈಲುಗಳು. ಹೀಗೆ ಲಕ್ಷಗಟ್ಟಲೆ ಫೈಲುಗಳು ತುಂಬಿದ್ದವು.

ಹೆಚ್ಚಿನವು ನನ್ನ ದೊಡ್ಡಮ್ಮನವು. ಸಿದ್ಧಕಟ್ಟೆಯಲ್ಲಿ ನಾವಿಬ್ಬರೇ ಇರುವುದು. ನಮ್ಮ ಜೈನ ಮನೆಗಳ ತುಳುವಿನ ಧಾಟಿಯೇ ಬೇರೆ, ಅದು ದೊಡ್ಡಮ್ಮನ ನಾಲಗೆಯ ತುದಿಯಲ್ಲಿತ್ತು. ತೊಂದರೆ ಏನೆಂದರೆ ಅವರಿಗೆ ಪದ ಹೇಳಿ ಬಾಯಿ ಮುಚ್ಚಲು ಬರುತ್ತಿರಲಿಲ್ಲ. ‘ಬರ್ಸ’ ಎಂದು ಮಳೆಯ ಪದ ಹೇಳಿದ ಬೆನ್ನಿಗೇ, “ಒಣಗಲು ಹಾಕಿದ ಬಟ್ಟೆ ತೆಗ್ದಿಯಾ? ನಿನಗೆ ಹೇಳುವುದೂ ಒಂದೇ, ಕಲ್ಲಿಗೆ ಹೇಳುವುದೂ ಒಂದೇ” ಎಂದು ಶುರುವಾಗುತ್ತಿತ್ತು. ನಾನು ಸಿಡುಕಿ, “ದೊಡ್ಡಮ್ಮ, ಪದ ಮಾತ್ರ” ಎನ್ನುತ್ತಿದ್ದೆ. ಉಳಿದದ್ದನ್ನು ಕತ್ತರಿಸಿ ಬಿಸಾಡುತ್ತಿದ್ದೆ. ಕೊನೆಗೆ ಅವರೂ ಪಳಗಿದರು. ಒಂದು ಪದ ಹೇಳಿ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ಕೂರುತ್ತಿದ್ದರು.

ಅಷ್ಟರಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದರು. ಉಳಿದ ಪದಗಳನ್ನು ಅವತ್ತೇ ಮುಗಿಸಬೇಕೆಂದು ನನ್ನ ಹಟ.

ಮೊದಲ ಪದಕ್ಕೇ ಪೆಟ್ಟಿಗೆ ಮೊಂಡು ಹಿಡಿಯಿತು. ಜಾಗವಿಲ್ಲ ಎಂದು ತೋರಿಸಿತು. ಎಷ್ಟು ಜಾಗ ಉಂಟು ಎಂದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಎಂದು ಅದೇ ಪೆಟ್ಟಿಗೆ ತೋರಿಸಿತು. ಎರಡರಲ್ಲಿ ಯಾವುದನ್ನು ನಂಬುವುದು? ಆಫ್ ಮಾಡಿ ಆನ್ ಮಾಡಿದೆ. ವಯರು ತೆಗೆದು ಸಿಕ್ಕಿಸಿದೆ. ನಮ್ಮ ಕೋಣೆಯ ಉದ್ಘಾಟನೆಯ ಭಾಷಣಗಳ ಉದ್ದುದ್ದ ವಿಡಿಯೋಗಳು ಅದರಲ್ಲಿದ್ದವು. ಮೂರನ್ನು ಅಳಿಸಿದೆ, ಏನೂ ಬೇಸರವಾಗಲಿಲ್ಲ. ‘ಉಪ್ಪು’ ಎಂಬ ಒಂದು ಪದ ಒಳಗೆ ಹೋಯಿತು. ಮುಂದಿನ ಪದಕ್ಕೆ ಮತ್ತೆ ಜಾಗವಿಲ್ಲ. ಮೂರು ಗಂಟೆಯ ಭಾಷಣ ಹೋದ ಜಾಗದಲ್ಲಿ ಒಂದು ಉಪ್ಪು ಮಾತ್ರ ಹಿಡಿಯುತ್ತದೆ ಎಂದರೆ ಅದು ಯಾವ ಲೆಕ್ಕ? ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ದೊಡ್ಡಮ್ಮ ಕೈಕಟ್ಟಿ ಕಾಯುತ್ತಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ.

ಪೆಟ್ಟಿಗೆಯನ್ನು ಕೂರಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ, ಕಲ್ಲಡ್ಕದವನು, ಈಗ ದುಬೈಯಲ್ಲಿದ್ದಾನೆ. ಹಿಂದೊಮ್ಮೆ ಲ್ಯಾಪ್‌ಟಾಪ್ ಕೆಟ್ಟು ಎಲ್ಲ ಹಾಳಾದ ಮೇಲೆ, ಧ್ವನಿಮುದ್ರಿಸಿದ್ದೆಲ್ಲ ನೇರ ಪೆಟ್ಟಿಗೆಗೇ ಹೋಗುವಂತೆ ಮಾಡಿದ್ದೂ ಅವನೇ. ಮಾತಾಡಲಿಕ್ಕೆ ಮಾತ್ರ ಬರುವ ನನ್ನ ಬಟನ್ ಫೋನಿನಿಂದ ಅವನಿಗೆ ಕರೆ ಮಾಡಿದೆ. ಐನೋಡು, ಫಾರ್ಮ್ಯಾಟು ಎಂದು ಏನೇನೋ ಹೇಳಿದ.

“ನನಗೆ ತಿಳಿಯುವ ಹಾಗೆ ಹೇಳು ಮಾರಾಯ” ಎಂದು ರೇಗಿದೆ.

“ಟೀಚರ್, ಮದುವೆ ಊಟ ಅಂತ ಇಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಅನ್ನ ಬೇಕಾದಷ್ಟು ಉಂಟು. ಬಾಳೆಲೆ ಮುಗಿದಿದೆ. ಎಲೆ ಇಲ್ಲದೆ ಬಡಿಸ್ಲಿಕ್ಕೆ ಆಗುದಿಲ್ಲ ಅಲ್ವಾ? ಫೈಲು ಎಷ್ಟೇ ಸಣ್ಣದಾದ್ರೂ ಅದಕ್ಕೊಂದು ಎಲೆ ಬೇಕು. ನೀವು ಒಂದೊಂದು ತುತ್ತಿಗೂ ಮೂರು ಮೂರು ಎಲೆ ಹಾಕಿದ್ದೀರಿ.”

“ಹಾಗಾದರೆ ಎಲೆ ತರಿಸು.”

“ಎಷ್ಟು ಎಲೆ ಅಂತ ಮೊದಲೇ ನಿಗದಿ ಆಗ್ತದೆ. ಹೆಚ್ಚು ಮಾಡ್ಲಿಕ್ಕೆ ಎಲ್ಲ ಖಾಲಿ ಮಾಡಿ ಮತ್ತೆ ಕಟ್ಟಬೇಕು. ರಜೆಯಲ್ಲಿ ಬಂದಾಗ ಮಾಡ್ತೇನೆ.”

“ನಾಳೆ ದೊಡ್ಡಮ್ಮನನ್ನು ಆಸ್ಪತ್ರೆಗೆ ಸೇರಿಸುವುದು” ಎಂದೆ.

“ಆ ಪುಟ್ಟ ಫೈಲುಗಳನ್ನು ಮುಟ್ಟಬೇಡಿ, ಪದ ಕೆಡ್ತದೆ. ಅಳಿಸ್ಲಿಕ್ಕೆ ಬೇರೆ ಏನಾದ್ರೂ ಉಂಟಾ?”

“ಭಾಷಣ ಒಂದು ಉಂಟು.”

“ಅದನ್ನು ಅಳಿಸಿ. ಒಂದು ಎಲೆ ಸಿಗ್ತದೆ. ಕತ್ತರಿಸದೆ ಇಟ್ಟರೆ, ಎಷ್ಟು ಉದ್ದ ಮಾತಾಡಿದ್ರೂ ಒಂದೇ ಎಲೆ ಸಾಕು.”

ಫೋನಿಟ್ಟು ಪದಪಟ್ಟಿ ಕೈಗೆತ್ತಿಕೊಂಡೆ. ಆ ಲಕ್ಷ ಫೈಲುಗಳಲ್ಲಿ ಎಲ್ಲಿಯೂ ದೊಡ್ಡಮ್ಮ ನನ್ನನ್ನು ಕರೆದದ್ದಿಲ್ಲ, ಬೈದದ್ದಿಲ್ಲ ಎಂದು ಆಗ ಹೊಳೆಯಿತು. ಎಲ್ಲವನ್ನೂ ನಾನೇ ಕತ್ತರಿಸಿದ್ದೆ. ನಾಳೆಯ ನಂತರ ನನಗೆ ಬೇಕಾಗುವುದು ಉಪ್ಪು ಎಂಬ ಪದವೋ, ಉಪ್ಪು ಹೆಚ್ಚಾಯಿತೆಂದು ಬೈಯುವ ಸ್ವರವೋ? ನನಗೆ ಅಳು ಬಂತು.

ಉಳಿದಿದ್ದ ಭಾಷಣವನ್ನೂ ಅಳಿಸಿದೆ. ರೆಕಾರ್ಡಿಂಗ್ ಶುರು ಮಾಡಿ, “ದೊಡ್ಡಮ್ಮ, ಇವತ್ತು ಪದ ಬೇಡ. ಮಾತಾಡಿ” ಎಂದೆ.

ಅವರು ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದರು. “ಏನು ಮಾತಾಡುದು?”

“ಏನು ಬೇಕಾದರೂ.”

“ನೀನೇ ಬೇಡ ಹೇಳಿದ್ದಲ್ವಾ?”

ತುಂಬ ಹೊತ್ತು ಫ್ಯಾನಿನ ಸದ್ದು, ಕೆಳಗಿನ ಬಸ್ಸಿನ ಹಾರ್ನು ಮಾತ್ರ ಮುದ್ರಣವಾಯಿತು. ಆಮೇಲೆ ದೊಡ್ಡಮ್ಮ ನನ್ನ ಮುಖವನ್ನೊಮ್ಮೆ ನೋಡಿ, “ಬೆಳಿಗ್ಗೆ ತಿಂಡಿ ತಿಂದದ್ದೂ ಇಲ್ಲ ನೀನು” ಎಂದರು. ಅಲ್ಲಿಂದ ಹಿಡಿದ ಮಾತು ನಿಲ್ಲಲೇ ಇಲ್ಲ. ನನ್ನ ಅಡುಗೆ, ನನ್ನ ಸಿಟ್ಟು, ಸಣ್ಣವಳಿದ್ದಾಗ ನಾನು ಬಾವಿಕಟ್ಟೆಯ ಮೇಲೆ ಹತ್ತಿ ಎಲ್ಲರನ್ನೂ ಹೆದರಿಸಿದ್ದು. ಮನೆಯಲ್ಲಿ ಮಾತ್ರ ಕರೆಯುವ ಹೆಸರಿನಿಂದ ನನ್ನನ್ನು ಎಷ್ಟು ಸಲ ಕರೆದರೋ. ಕೊನೆಗೆ ಕಿಟಕಿಯತ್ತ ನೋಡಿ, “ಸಾಕು. ಹೊತ್ತು ಮುಳುಗುವ ಮೊದಲು ಊಟ ಆಗ್ಬೇಕಲ್ವಾ? ಏಳು, ಹೋಗುವ” ಎಂದರು. ಪೆಟ್ಟಿಗೆ ಅದಿಷ್ಟನ್ನೂ ಚಕಾರವೆತ್ತದೆ ನುಂಗಿತು.

ವಿದ್ಯಾರ್ಥಿ ರಜೆಯಲ್ಲಿ ಬಂದು ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಿದ. ಈಗ ಕೋಟಿ ಫೈಲು ಹಾಕಿದರೂ ಎಲೆ ಮುಗಿಯುವುದಿಲ್ಲವಂತೆ. ಹೇಗೆ ಎಂದು ಎರಡು ಸಲ ವಿವರಿಸಿದ. ಎರಡು ಸಲವೂ ತಲೆಯಾಡಿಸಿದೆ, ಅರ್ಥವಾಗಲಿಲ್ಲ.

ದೊಡ್ಡಮ್ಮ ಚೇತರಿಸಿಕೊಂಡಿದ್ದಾರೆ. ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಾರೆ. ಕೆಲವು ಸಂಜೆ ಇಬ್ಬರೂ ಕೂತು ಆ ಫೈಲನ್ನು ಕೇಳುತ್ತೇವೆ. ತಮ್ಮ ಬೈಗುಳಕ್ಕೆ ತಾವೇ ತಲೆದೂಗುತ್ತಾರೆ. ಕೊನೆಗೆ “ಏಳು, ಹೋಗುವ” ಎಂಬಲ್ಲಿಗೆ ಬಂದಾಗ ಮೊಣಕಾಲಿಗೆ ಕೈಯೂರಿ ಎದ್ದು ಅಡುಗೆಮನೆಗೆ ನಡೆಯುತ್ತಾರೆ. ನಾನೂ ಎದ್ದು ಅವರ ಹಿಂದೆ ಹೋಗುತ್ತೇನೆ.